ಗುಂಡಿ ಡಬ್ಬಿ

"ಗುಂಡಿ ಡಬ್ಬೀನಾ? ಶಾಲೆ ಹೆಡ್‌ಮೇಡಂ ಮನೆಗೆ ಕೊಟ್ಟು ಬಂದೆ," ಎಂದಳು ಅತ್ತೆ. "ಮಕ್ಕಳ ಅಂಗಿಗೆ ಯಾವ ಗುಂಡಿ ಅಂತ ಅವರೇ ಆರಿಸ್ತಾರಂತೆ. ನೀನು ಸ್ನಾನಕ್ಕೆ ಹೋಗಿದ್ದೆ."

ಹೊಲಿಗೆಯವಳ ಕೈಯಲ್ಲಿದ್ದ ಕತ್ತರಿ ಅರ್ಧ ಬಟ್ಟೆಯಲ್ಲೇ ನಿಂತಿತು.

"ಅತ್ತೆ, ಅದರ ತಳದಲ್ಲಿ ನನ್ನ ಮಾತ್ರೆ ಬಾಟಲಿ ಇತ್ತು."

"ಅಯ್ಯೋ, ಅದು ಅಕ್ಕಿ ಡಬ್ಬದಲ್ಲಿ ಅಲ್ವೇನೇ?"

"ನಿನ್ನೆ ಬದಲಾಯಿಸಿದೆ. ಮನೆ ಓನರಮ್ಮ ಎರಡು ಹಿಡಿ ಅಕ್ಕಿ ಕೇಳ್ಕೊಂಡು ಅಡುಗೆಮನೆಗೇ ಬಂದುಬಿಟ್ರು."

"ನನಗೊಂದು ಮಾತು ಹೇಳಬಾರದಾ? ನಿನ್ನ ಬಚ್ಚಿಡೋ ಬುದ್ಧಿಗಿಷ್ಟು!" ಬೈಯುತ್ತಲೇ ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಗನನ್ನು ಕೊಂಡೊಯ್ದು ಸೊಸೆಯ ಮೈಯಲ್ಲಿ ಉಳಿದ ಎಚ್‌ಐವಿಯ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಆದರೆ ಬಾಟಲಿಯ ಮೇಲಿನ ಚೀಟಿ ಓದಬಲ್ಲವರಿಗೆ ಯಾರೂ ಹೇಳಬೇಕಾಗಿಲ್ಲ.

ಹೊಲಿಗೆ ಮಿಷನ್ ಅವಳ ಸ್ವಂತದ್ದಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಮಾತ್ರೆಗಾಗಿ ಕಾಯುತ್ತ ಪರಿಚಯವಾದ ಹೆಂಗಸರು ಕಟ್ಟಿಕೊಂಡ ಸಂಘದ್ದು. ಒಂದು ತಿಂಗಳು ಕೆಲಸವಿಲ್ಲದೆ ನಿಂತರೆ ಮಿಷನ್ ಸರದಿಯಲ್ಲಿರುವ ಮುಂದಿನವಳ ಮನೆಗೆ ಹೋಗಬೇಕು. ಆ ನಿಯಮಕ್ಕೆ ಕೈ ಎತ್ತಿದವರಲ್ಲಿ ಇವಳೂ ಒಬ್ಬಳು. ಹಿಂದೆ ಇದ್ದ ಬೀದಿಯಲ್ಲಿ ಸುದ್ದಿ ಹಬ್ಬಿದಾಗ, ಕತ್ತರಿಸಿಟ್ಟ ಬಟ್ಟೆಯನ್ನೂ ಬಿಡದೆ ಜನ ವಾಪಸು ಒಯ್ದಿದ್ದರು. ಇಲ್ಲಿ ಶಾಲೆಯ ಅರವತ್ತು ಅಂಗಿ ಕೈತಪ್ಪಿದರೆ ಮಿಷನ್ನೂ ಹೋಗುತ್ತದೆ, ಇಬ್ಬರ ಊಟವೂ ಹೋಗುತ್ತದೆ.

ಮೇಲುಮೇಲಿನ ಗುಂಡಿ ನೋಡಿ ಮುಚ್ಚಿರುತ್ತಾರೆ, ತಳಕ್ಕೆ ಕೈ ಹಾಕಿರಲಿಕ್ಕಿಲ್ಲ. ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ನಡೆದಳು. ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಅತ್ತೆಯದು ಸಿಕ್ಕಿಸಿಕೊಂಡು ಬಂದದ್ದು ಮೇಡಂ ಮನೆಯ ಮೆಟ್ಟಿಲ ಮೇಲೆ ಗೊತ್ತಾಯಿತು.

ಒಳಗೆ ಮೇಜಿನ ಮೇಲೆ ಹಳೆಯ ಪೇಪರು ಹಾಸಿ ಗುಂಡಿಗಳನ್ನೆಲ್ಲ ಸುರಿಯಲಾಗಿತ್ತು. ಡಬ್ಬಿ ಬರಿದು. ಮೇಜಿನ ತುದಿಯಲ್ಲಿ ಬಾಟಲಿ ನಿಂತಿತ್ತು. ಚೀಟಿಯಿದ್ದ ಬದಿ ಗೋಡೆಗೆ ತಿರುಗಿತ್ತು.

"ಬಾಮ್ಮ. ಏನು, ಕಾಲಿಗೊಂದೊಂದು ಬಣ್ಣ ಹಾಕ್ಕೊಂಡು ಬಂದಿದ್ದೀಯ?" ಎಂದರು ಮೇಡಂ. ನಗಲಿಲ್ಲ.

"ಮೇಡಂ, ಅದು..."

"ನಾಲ್ಕು ತೂತಿಂದೇ ಹಾಕು. ಎರಡು ತೂತಿಂದಾದ್ರೆ ನಮ್ಮ ವಾನರಸೇನೆ ವಾರದೊಳಗೆ ಕಿತ್ತಿಡುತ್ತೆ."

ಹಾಗೆಂದವರು ಎದ್ದು ಹೋಗಿ ಬೀದಿ ಬಾಗಿಲು ಹಾಕಿ ಬಂದರು. ಈಗ ಹೇಳುತ್ತಾರೆ ಎಂದುಕೊಂಡು ಹೊಲಿಗೆಯವಳು ಮೇಜಿನ ಅಂಚು ಹಿಡಿದುಕೊಂಡಳು.

"ಟೇಪು ತಂದಿದ್ದೀಯಾ? ನನಗೂ ಒಂದು ರವಿಕೆ ಆಗಬೇಕು."

ಟೇಪು ಎಂದಿನಂತೆ ಕೊರಳಲ್ಲೇ ಇತ್ತು. "ಹಳೇದೊಂದು ಕೊಡಿ ಮೇಡಂ. ಅದರ ಅಳತೇಲೇ ಹೊಲೀತೀನಿ. ನಿಮ್ಮನ್ನ ಮುಟ್ಟೋದೇ ಬೇಡ."

"ಹಳೇದು ಬಿಗಿ. ಮೈ ಅಳತೇನೇ ತಗೋ."

ಮೇಡಂ ಎರಡೂ ತೋಳು ಎತ್ತಿ ನಿಂತರು. ಅವಳ ಕೈಯಿಂದ ಟೇಪಿನ ತುದಿ ಒಮ್ಮೆ ಜಾರಿತು, ಮತ್ತೊಮ್ಮೆ ಜಾರಿತು. ಮೇಡಂ ತೋಳು ಇಳಿಸಲಿಲ್ಲ.