ಗೋಡೆಗೆ ಹೊದಿಸಿದ ಹುಲ್ಲು

ಯೂಸ್ಟಿನಾ ಹೊಸ ಕೋಣೆಯ ನೆಲಮಾಳಿಗೆಗೆ ಇಳಿದು ಗೋಡೆಗೆ ಅಂಗೈ ಒತ್ತಿದಳು. ಪ್ಲೈವುಡ್ಡಿನ ಮೇಲ್ತುದಿಯಿಂದ ನೀರಿನದೊಂದು ಗೆರೆ ಮೆಲ್ಲಗೆ ಇಳಿಯುತ್ತಿತ್ತು.

ಮೆಟ್ಟಿಲು ಹತ್ತಲಾಗದ ಮಾವ ಹ್ರಿಹೋರಿಗೆಂದೇ ಹಳೇ ಮನೆಗೆ ಸೇರಿಸಿ ಕಟ್ಟಿಸಿದ ಕೋಣೆ ಅದು. ಡಾಫಿನ್ ಪಟ್ಟಣದಿಂದ ಈ ಹೊಲದ ಮನೆಗೆ ಅಷ್ಟು ದೂರ ಕಾಂಕ್ರೀಟಿನ ಲಾರಿ ಯಾರು ಕಳಿಸುತ್ತಾರೆ? ನೆಲದೊಳಗಿನ ಗೋಡೆಯನ್ನೂ ಕೊಳೆಯದಂತೆ ಔಷಧಿ ಕುಡಿಸಿದ ಮರದಲ್ಲೇ ಎಬ್ಬಿಸಿದ್ದಳು. ಬುಡಕ್ಕೆ ಜಲ್ಲಿ, ಹೊರಮೈಗೆ ಪ್ಲಾಸ್ಟಿಕ್ ಹಾಳೆ. ಮೈದುನ ಓರೆಸ್ಟ್‌ಗೆ ಮಾತ್ರ ನಂಬಿಕೆಯಿಲ್ಲ. "ಮಣ್ಣೊಳಗೆ ಮರ ಹೂಳೋದು ಶವಪೆಟ್ಟಿಗೆಗೆ ಅತ್ತಿಗೆ, ಮನೆಗಲ್ಲ. ಒದ್ದೆ ಕಂಡ್ರೆ ಅಪ್ಪನ್ನ ಪಟ್ಟಣದ ವೃದ್ಧಾಶ್ರಮಕ್ಕೆ ಸೇರಿಸ್ತೀನಿ" ಎಂದಿದ್ದ. ಭಾನುವಾರ ನೋಡಲು ಬರುವವನಿದ್ದ. ಇಂದು ಶುಕ್ರವಾರ.

ಹೊರಗೆ ಹೋಗಿ ಗೋಡೆಯ ಪಕ್ಕದ ಹಿಮ ಬಗೆದಳು. ಅಡಿಯಲ್ಲಿ ಮಣ್ಣು, ಮಣ್ಣಿನಡಿ ಒಟ್ಟಿದ ಹುಲ್ಲು, ಮೊಣಕಾಲೆತ್ತರ.

"ಮಾವಾ! ಇದನ್ನ ಯಾರು ಪೇರಿಸಿದ್ದು?"

"ನಾನೇ. ನವೆಂಬರ್‌ನಲ್ಲಿ, ನೀನು ಕೆಲಸಕ್ಕೆ ಹೋದಾಗ, ಟ್ರ್ಯಾಕ್ಟರ್ ತಗೊಂಡು."

"ಮೆಟ್ಟಿಲು ಹತ್ತಕ್ಕಾಗಲ್ಲ, ಟ್ರ್ಯಾಕ್ಟರ್ ಹತ್ತಕ್ಕಾಗತ್ತಾ?"

"ಟ್ರ್ಯಾಕ್ಟರ್‌ಗೆ ಎರಡೇ ಮೆಟ್ಟಿಲು ಕಣಮ್ಮ." ಮುದುಕ ಊರುಗೋಲಿಗೆ ಗದ್ದವಿಟ್ಟು ನಿಂತ. "ನಮ್ಮಪ್ಪ ಪ್ರತಿ ಚಳಿಗಾಲಕ್ಕೂ ಬೆಚ್ಚಗಿರ್ಲಿ ಅಂತ ಮನೆಗೆ ಹೀಗೇ ಹೊದಿಸ್ತಿದ್ದ. ಎಂಟು ಮಕ್ಕಳಲ್ಲಿ ಒಂದಕ್ಕೂ ನೆಗಡಿ ಆಗ್ಲಿಲ್ಲ."

"ಅದು ನೆಲದ ಮೇಲಿದ್ದ ದಿಮ್ಮಿ ಮನೆ, ಬೇಸಿಗೇಲಿ ಒಣಗ್ತಿತ್ತು. ಇಲ್ಲಿ ನೋಡಿ, ಹಾಳೆ ಇಲ್ಲಿಗೇ ಮುಗೀತು. ನಿಮ್ಮ ಮಣ್ಣು ಅದಕ್ಕಿಂತ ಒಂದು ಗೇಣು ಮೇಲಿದೆ. ಕರಗಿದ ಹಿಮದ ನೀರೆಲ್ಲ ಹಾಳೆ ಹಿಂದಕ್ಕೇ ಇಳೀತಿದೆ."

ಮುದುಕ ಊರುಗೋಲಿನ ತುದಿಯಿಂದ ಹಾಳೆಯ ಅಂಚನ್ನು ಮುಟ್ಟಿ ನೋಡಿದ. "ನನ್ನ ಕೋಣೆ ನಾನೇ ಕೆಡಿಸ್ಕೊಂಡೆ ಅನ್ನು."

"ಇನ್ನೂ ಕೆಟ್ಟಿಲ್ಲ. ಕೆಡಕ್ಕೆ ನಾನು ಬಿಡೋದೂ ಇಲ್ಲ."

ಗುದ್ದಲಿ ತಾಗಿದರೆ ಹಾಳೆ ಹರಿದೀತು. ಗೋಡೆಯ ಹತ್ತಿರದ ಮಣ್ಣನ್ನು ಕೈಯಲ್ಲೇ ಕಿತ್ತಳು. ಕೈಗವಸು ಹರಿಯಿತು, ಉಗುರು ಒಡೆಯಿತು. ಬೇಡವೆಂದರೂ ಕೇಳದೆ ಮುದುಕ ಬಕೆಟ್ ಬೋರಲು ಹಾಕಿ ಕೂತು ಕೊಳೆತ ಹುಲ್ಲನ್ನು ಹಿಡಿಹಿಡಿಯಾಗಿ ಎಳೆದ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಎರಡು ಬದಿ ತೆರವಾಗಿ, ನೆಲ ಹೊಲದ ಕಡೆಗೆ ಇಳಿಜಾರಾಗಿತ್ತು. ಸೂರಿನ ನೀರಿನ ಕೊಳವೆಗೆ ಇನ್ನೊಂದು ಕೊಳವೆ ಜೋಡಿಸಿ ದೂರ ಚಾಚಿದಳು.

ಕೆಳಗಿಳಿದು ಸ್ಕ್ರೂಡ್ರೈವರ್‌ನ ಮೊನೆಯನ್ನು ಗೋಡೆಯ ಒದ್ದೆಯಾಗಿದ್ದ ಕಂಬಕ್ಕೆ ಒತ್ತಿದಳು. ಕೊಳೆತು ಮೆತ್ತಗಾಗಿದ್ದರೆ ಬೆಣ್ಣೆಗಿಳಿದಂತೆ ಇಳಿಯಬೇಕು. ಮೈಭಾರ ಹಾಕಿದಳು. ಮರ ಜಗ್ಗಲಿಲ್ಲ.

ಮೇಲೆ ಫೋನು ಬಡಿದುಕೊಳ್ಳುತ್ತಿತ್ತು. ಓರೆಸ್ಟ್. ಅವಳು ಓಡಿ ಬರುವಷ್ಟರಲ್ಲಿ ಮುದುಕ ಎತ್ತಿಕೊಂಡಿದ್ದ. ಸುಳ್ಳು ಹೇಳಬಹುದಿತ್ತು.

"ಹೌದು ಕಣೋ, ಒದ್ದೆಯಾಗಿತ್ತು. ತಪ್ಪು ನಂದು, ಮರದ್ದಲ್ಲ... ಇಲ್ಲ, ನಾನು ಎಲ್ಲಿಗೂ ಬರಲ್ಲ. ನೀನು ಬರುವಾಗ ರಬ್ಬರ್ ಬೂಟು ಹಾಕ್ಕೊಂಡು ಬಾ. ಉತ್ತರದ ಕಡೆ ಹನ್ನೆರಡು ಅಡಿ ಮಣ್ಣು ತೆಗೆಯೋದು ಇನ್ನೂ ಹಾಗೇ ಇದೆ, ಹೆಪ್ಪುಗಟ್ಟಿ ಕಲ್ಲಿನ ಹಂಗೆ ಗಟ್ಟಿಯಾಗಿದೆ."