ಫ್ರಿಜ್ಜಿನ ಮೇಲಿನ ಹಸಿರು ದೀಪ

ಹಸಿರು, ಹಸಿರು, ಈಗಲೂ ಹಸಿರೇ, ಫ್ರಿಜ್ಜಿನ ಮೇಲೆ ಕೂತು ನನ್ನನ್ನೇ ದಿಟ್ಟಿಸುತ್ತಿದೆ ಈ ರೌಟರ್ ಎಂಬ ಪ್ರಾಣಿ, ಎರಡು ಕೊಂಬು, ಸಾಲಾಗಿ ದೀಪ, ಎಲ್ಲವೂ ಹಸಿರು, ಹಸಿರು ಇದ್ರೆ ನಮ್ಮ ಕಡೆಯಿಂದ ಏನೂ ತೊಂದರೆ ಇಲ್ಲ ಸರ್, ನಿಮ್ಮ ಕಡೆಯಿಂದಲೇ ಇರ್ಬೇಕು, ಅಂತ ಕಂಪನಿಯ ಹುಡುಗಿ ನಿನ್ನೆ ಫೋನಿನಲ್ಲಿ ಹೇಳಿದಳು, ನಮ್ಮ ಕಡೆ ಅಂದರೆ ಯಾವ ಕಡೆ ಮಹಾತಾಯಿ, ಇರುವುದೇ ಎರಡು ಕೋಣೆ ಒಂದು ಅಡುಗೆಮನೆ, ಮೊಬೈಲಿನ ಸಿಗ್ನಲ್ಲಂತೂ ಒಳಗೆ ಕಾಲೇ ಇಡುವುದಿಲ್ಲ, ನಿನ್ನ ಜೊತೆ ಮಾತಾಡಲಿಕ್ಕೂ ನಾನು ಹೊರಗೆ ಮೆಟ್ಟಿಲ ಮೇಲೆ ನಿಂತಿದ್ದೆ — ಫ್ರಿಜ್ಜಿನ ಪಕ್ಕದಲ್ಲಿ ಮೈಕ್ರೊವೇವ್ ಗುಂಯ್ ಎನ್ನುತ್ತಿದೆ, ಹಳದಿ ಬೆಳಕಿನಲ್ಲಿ ನನ್ನ ನೀಲಿ ಕಪ್ ಸುತ್ತುತ್ತಿದೆ, ಹಿಡಿಕೆ ಬರುತ್ತದೆ, ಹೋಗುತ್ತದೆ, ಬರುತ್ತದೆ, ನನ್ನ ಮಗಳ ಅಮ್ಮ ಕೆಲಸಕ್ಕೆ ಹೊರಡುವ ಮೊದಲು ಮಾಡಿಟ್ಟ ಚಹಾ, ಕುಡಿಯುವುದನ್ನು ಮರೆತು ಆರಿಹೋಯಿತು, ನಾನು ಯಾವತ್ತು ತಾನೇ ಬಿಸಿ ಬಿಸಿ ಚಹಾ ಕುಡಿದಿದ್ದೇನೆ, ಲಿಫ್ಟ್ ರಿಪೇರಿಯವನ ಹಣೆಬರಹ ಅದು, ಕಪ್ ತುಟಿಗೆ ಮುಟ್ಟುವಷ್ಟರಲ್ಲಿ ಎಲ್ಲೋ ಯಾರೋ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡು ಗಂಟೆ ಒತ್ತುತ್ತಿರುತ್ತಾರೆ, ಓಡು, ತಿರುಗಿ ಬಂದರೆ ಚಹಾ ತಣ್ಣಗೆ, ಮತ್ತೆ ಬಿಸಿ ಮಾಡು, ಮತ್ತೆ ಓಡು, ಅದು ಚಹಾ ಅಲ್ಲ ರೀ, ಡಾಂಬರು, ಎನ್ನುತ್ತಾಳೆ ಇವಳಮ್ಮ, ಅನ್ನಲಿ ಬಿಡು, ಇವತ್ತು ರಜೆ ಹಾಕಿದ್ದೇನೆ, ಯಾವ ಲಿಫ್ಟೂ ಇಲ್ಲ, ಕೋಣೆಯೊಳಗೆ ಮಗಳ ಸಂದರ್ಶನ ಶುರುವಾಗಿದೆ, ಲ್ಯಾಪ್‌ಟಾಪಿನ ಆಚೆ ಮೂವರು ಪ್ರೊಫೆಸರುಗಳು, ಈಚೆ ಇವಳೊಬ್ಬಳೇ, ನಾನು ಅಡುಗೆಮನೆಯಲ್ಲಿ, ಅಪ್ಪ ನೀನು ಒಳಗೆ ಬರ್ಬೇಡ, ನೆಟ್ ಹೋದ್ರೆ ಮಾತ್ರ ಕರೀತೀನಿ, ಕಪ್ಪೆಗಳ ಮೇಲೆ ಸಂಶೋಧನೆ ಮಾಡಲಿಕ್ಕೆ ಒಂದೇ ಒಂದು ಸೀಟು, ಬರೆದದ್ದನ್ನೆಲ್ಲ ಅವರು ಮೆಚ್ಚಿಕೊಂಡಾಗಿದೆ, ಇನ್ನು ಮಾತಾಡಿ ಗೆಲ್ಲಬೇಕು, ಮಾತಾಡಿ, ನನ್ನ ಮಗಳು, ಮಾತಾಡಿ — ಟಕ್, ಅವಳ ಬೆರಳು ಮೇಜಿಗೆ ಬಡಿದ ಸದ್ದು, ಹಾಗೆ ಬಡಿದೇ ಅವಳು ಮಾತಿಗೆ ಇಳಿಯುವುದು, ಕ, ಕ, ಕ — ಬಾ ನನ್ನವ್ವ, ಹೊರಗೆ ಬಾ — ಕಪ್ಪೆಗಳು, ಹಾಂ, ಬಂತು — ಅಪ್ಪಾ! ಅಪ್ಪಾ, ನೆಟ್ ಹೋಯ್ತು!

ಓಡುತ್ತೇನೆ, ಬಾಗಿಲು ತಳ್ಳಿದರೆ ಪರದೆಯ ಮೇಲೆ ಮೂರು ಮುಖಗಳೂ ಕಲ್ಲಾಗಿವೆ, ನಡುವಿನ ಹೆಂಗಸಿನ ಬಾಯಿ ಅರ್ಧ ತೆರೆದೇ ಇದೆ, ಅದರ ಮೇಲೊಂದು ಬಿಳಿ ಚಕ್ರ ಸುತ್ತುತ್ತಿದೆ, ಡುಂಕ್ ಅಂತ ಸದ್ದು ಬಂತಪ್ಪ, ಆ ಸದ್ದು ಬಂದ್ರೆ ಹೋಯ್ತು ಅಂತಾನೇ, ಇವಳು ವೈಫೈ ಆರಿಸಿ ಹಾಕುತ್ತಾಳೆ, ಪಾಸ್‌ವರ್ಡ್ ಅಳಿಸಿ ಮತ್ತೆ ಬರೆಯುತ್ತಾಳೆ, ವೈರು ಹಾಕೋಣ ಅಂದರೆ ಈ ತೆಳ್ಳನೆಯ ಲ್ಯಾಪ್‌ಟಾಪಿಗೆ ವೈರು ಚುಚ್ಚುವ ತೂತೇ ಇಲ್ಲ, ಯಾವ ಬುದ್ಧಿವಂತ ಮಾಡಿದನೋ, ಮತ್ತೆ ಅಡುಗೆಮನೆಗೆ, ರೌಟರಿನ ಪ್ಲಗ್ ಕೀಳು, ಉಸಿರು ಹಿಡಿದು ನಿಲ್ಲು, ಚುಚ್ಚು, ಪಕ್ಕದಲ್ಲಿ ಮೈಕ್ರೊವೇವ್ ಟಿಂಗ್ ಎಂದು ತನ್ನ ಪಾಡಿಗೆ ಸುಮ್ಮನಾಗುತ್ತದೆ, ಅದನ್ನು ಕೇಳುವವರು ಯಾರು, ಕೆಂಪು, ಕೇಸರಿ, ಬಾ ಮಾರಾಯ, ನಿನ್ನ ಕಾಲಿಗೆ ಬೀಳುತ್ತೇನೆ ಬಾ, ಹಸಿರು — ಬಂತಪ್ಪ! — ಅಬ್ಬ, ಸದ್ಯ, ಕೈಗುಣ ಅಂದರೆ ಇದು, ಮೀಸೆ ತಿರುವಿಕೊಳ್ಳುತ್ತೇನೆ, ಒಳಗೆ ಅವಳು ಸಾರಿ ಮೇಡಂ, ನೆ, ನೆಟ್ ಹೋಗಿತ್ತು, ಮತ್ತೆ ಟಕ್, ಮತ್ತೆ ಕ, ಕ, ಅಯ್ಯೋ ದೇವರೇ ಮತ್ತೆ ಮೊದಲಿನಿಂದ, ಬೇರೆಯವರಿಗೆ ಮಾತು ನಿಲ್ಲಿಸುವುದು ಕಷ್ಟ, ಇವಳಿಗೆ ಶುರು ಮಾಡುವುದೇ ಕಷ್ಟ, ಒಮ್ಮೆ ಹೊರಟಳೋ ಸರಾಗ, ನಡುವೆ ಯಾರಾದರೂ ತಡೆದರೆ ಮುಗಿಯಿತು, ಶಾಲೆಯಲ್ಲಿ ಹಾಜರಿ ಕರೆಯುವಾಗ ಹೂಂ ಅನ್ನಲಾಗದೆ ಎಷ್ಟು ದಿನ ಗೈರುಹಾಜರಿ ಹಾಕಿಸಿಕೊಂಡು ಬಂದಳು, ಬ್ಯಾಗು ಇಳಿಸದೆ ಬಾಗಿಲಲ್ಲೇ ನಿಂತು, ನಾನಿದ್ದೆ ಅಪ್ಪ, ಬೆಂಚಿನ ಮೇಲೇ ಇದ್ದೆ, ಎನ್ನುತ್ತಿದ್ದಳು, ನನ್ನ ಹತ್ತಿರ ಮಾತಾಡುವಾಗ ತೊದಲು ಬರುವುದೇ ಇಲ್ಲ, ಅಪ್ಪ ಅನ್ನುವ ಮಾತಿನಲ್ಲಂತೂ ಒಂದು ಸಲವೂ ಎಡವಿಲ್ಲ, ಕಪ್ಪೆ ಬಿಟ್ಟು ಆಮೆ ಓದಿದ್ರೆ ಎಷ್ಟು ಸಲೀಸಾಗಿತ್ತು ಅಲ್ವಾ ಅಪ್ಪ, ಬಾಯಿ ಬಿಟ್ರೆ ಸಾಕು ಆಮೆ ತಾನಾಗೇ ಬರುತ್ತೆ, ಎಂದು ನಗುತ್ತಾಳೆ ತುಂಟಿ, ಮತ್ತೆ ಯಾಕಮ್ಮ ಕಪ್ಪೇನೇ ಹಿಡ್ಕೊಂಡೆ ಅಂದರೆ, ಗಂಡುಕಪ್ಪೆ ಒಂದೇ ಶಬ್ದಾನ ಮತ್ತೆ ಮತ್ತೆ ಮತ್ತೆ ಹೇಳುತ್ತೆ ಅಪ್ಪ, ಬೇಗ ಹೇಳು ಅಂತ ಅದಕ್ಕೆ ಯಾರೂ ಅನ್ನಲ್ಲ, ಹಿತ್ತಲ ಚರಂಡಿಯ ಅಂಚಿನಲ್ಲಿ ಕೋಲಿಗೆ ಫೋನು ಕಟ್ಟಿಕೊಂಡು ಕೂತು ಆ ಶಬ್ದವನ್ನೆಲ್ಲ ಹಿಡಿದು ತಂದಿದ್ದಾಳೆ, ಇವಳಿಗಿಂತ ಕಪ್ಪೆಯ ಮಾತು ಬಲ್ಲವರು ಯಾರಿದ್ದಾರೆ, ಆ ಮೂವರಿಗೆ ಅದು ತಿಳಿಯುವ ತನಕ ಈ ಹಾಳು ನೆಟ್ಟು ನಿಂತರೆ ಸಾಕು.

ನೆಟ್ಟು ಎಂಥದು, ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ, ಹಗ್ಗ ಇದ್ದರೆ ಮುಟ್ಟಿ ಸವೆದಿದೆಯಾ ನೋಡಬಹುದು, ಮೋಟರ್ ಇದ್ದರೆ ಮೂಸಿ ನೋಡಿ ಸುಟ್ಟಿದೆಯಾ ಹೇಳಬಹುದು, ಇದಕ್ಕೆ ಏನು ಮಾಡಲಿ, ಮೇಲಿನ ಮನೆಯ ಮೇಷ್ಟ್ರು ಎತ್ತರದಲ್ಲಿ ಇಡ್ರೀ, ಎತ್ತರದಲ್ಲಿದ್ರೆ ಚೆನ್ನಾಗಿ ಹರಡುತ್ತೆ ಅಂದರು, ಎತ್ತರ ಅಂದರೆ ನನಗೆ ಹೇಳಿಕೊಡಬೇಕೆ, ಹಾಲಿನ ಮೂಲೆಯಲ್ಲಿದ್ದುದನ್ನು ನಿನ್ನೆಯೇ ತಂದು ಫ್ರಿಜ್ಜಿನ ನೆತ್ತಿಯ ಮೇಲೆ ಕೂರಿಸಿದೆ, ಆದರೂ ಹೋಗುತ್ತದೆ, ಬರುತ್ತದೆ, ಪೂರ್ತಿ ಕೆಟ್ಟದ್ದನ್ನು ರಿಪೇರಿ ಮಾಡಬಹುದು, ಹೋಗಿ ಬಂದು ಮಾಡುವುದೇ ತಲೆನೋವು, ನನಗೆ ಕೆಲಸ ಕಲಿಸಿದ ಮೇಸ್ತ್ರಿ ಹೇಳುತ್ತಿದ್ದರು, ಲೋ, ಹೋಗಿ ಬಂದು ಮಾಡೋ ಲಿಫ್ಟು ಸಿಕ್ಕಿದ್ರೆ ಲಿಫ್ಟನ್ನ ನೋಡ್ಬೇಡ ಕಣೋ, ಅದು ನಿಂತಾಗ ಕಟ್ಟಡದಲ್ಲಿ ಇನ್ನೇನು ನಡೀತಿತ್ತು ಅದನ್ನ ನೋಡು, ಹೌದು, ಆ ಎತ್ತರದ ಕಟ್ಟಡದಲ್ಲಿ ಲಿಫ್ಟಿನ ಬೋರ್ಡು ಬದಲಿಸಿ, ಹಗ್ಗ ಬದಲಿಸಿ, ಕೊನೆಗೆ ಒಂದು ದಿನ ಸುಮ್ಮನೆ ಕಿವಿಗೊಟ್ಟು ನಿಂತೆ, ಕೆಳಗೆ ನೀರಿನ ಪಂಪು ಗುಂಯ್ ಅಂದಾಗಲೆಲ್ಲ ಮೇಲೆ ಲಿಫ್ಟು ನಿಲ್ಲುತ್ತಿತ್ತು, ಅಷ್ಟೇ, ಮೇಸ್ತ್ರಿ ನನ್ನ ಬೆನ್ನು ತಟ್ಟಿದ್ದರು, ಇಲ್ಲಿ ಯಾವ ಪಂಪಿದೆ, ಏನೂ ನಡೆಯುತ್ತಿಲ್ಲ, ಟಿವಿ ಆರಿದೆ, ಫ್ಯಾನು ನಿಲ್ಲಿಸಿದ್ದೇನೆ, ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದೇನೆ, ಚಹಾ ನೋಡಿದರೆ ಮತ್ತೆ ತಣ್ಣಗೆ, ಮೇಲೆ ಕೆನೆ ಕಟ್ಟಿದೆ, ಕೈ ಸುಮ್ಮನಿರಲಾರದೆ ಮೈಕ್ರೊವೇವಿನ ಒಳಗಿಟ್ಟು ಬಾಗಿಲು ಅದುಮುತ್ತೇನೆ, ಬಿಗಿಯಾಗಿ ಅದುಮಬೇಕು, ಬಾಗಿಲ ಹಿಂಜ್ ಸಡಿಲವಾದಾಗ ಎಸೀರಿ ಹೊಸದು ತಗೊಳ್ಳೋಣ ಅಂದಿದ್ದಳು ಇವಳಮ್ಮ, ಲಿಫ್ಟಿನ ಬಾಗಿಲನ್ನೇ ಕೂರಿಸುವವನಿಗೆ ಇದೇನು ಮಹಾ, ಒಂದು ಭಾನುವಾರ ಕೂತು ನಾನೇ ಕೂರಿಸಿದೆ, ಕೂದಲು ನುಸುಳುವಷ್ಟು ಸಂದು ಉಳಿಯಿತು, ಇರಲಿ ಬಿಡು, ಗುಂಯ್, ಬೆಳಕು, ಹಿಡಿಕೆ ಬರುತ್ತದೆ, ಹೋಗುತ್ತದೆ — ಡುಂಕ್ — ಅಪ್ಪಾ! — ಅಯ್ಯೋ, ಇದರ ಮನೆ ಹಾಳಾಗ, ಈ ಸಲ ಪ್ಲಗ್ ಕೀಳುವುದು ಬೇಡ, ಹೊತ್ತು ಹಿಡಿಯುತ್ತದೆ, ಕೊಂಬು ತಿರುಗಿಸು, ಒಂದು ಆಚೆ, ಒಂದು ಈಚೆ, ಎರಡೂ ನೇರ, ನೆತ್ತಿಯನ್ನು ಸವರುತ್ತೇನೆ, ಮಗುವಿನ ತಲೆ ಸವರಿದ ಹಾಗೆ, ಏನಾದರೂ ಮಾಡೋ, ಏನಾದರೂ, ಟಿಂಗ್ — ಬಂತಪ್ಪ, ಮುಟ್ಬೇಡ, ಹಾಗೇ ಬಿಡು! — ಕೊಂಬು ನೇರ ನಿಂತಿದ್ದೇ ಸರಿ, ಗೊತ್ತಾಯಿತು, ಕೊಂಬಿನದೇ ದೋಷ, ಕೈಯೆತ್ತಿ ಹಾಗೇ ಹಿಂದಕ್ಕೆ ಸರಿಯುತ್ತೇನೆ.

ನಡುವಿನ ಹೆಂಗಸಿನ ದನಿ ಬಾಗಿಲ ಸಂದಿನಿಂದ ಬರುತ್ತಿದೆ, ಕೆಟ್ಟವರಲ್ಲ, ದನಿಯಲ್ಲಿ ಕನಿಕರವಿದೆ, ನೋಡಮ್ಮ, ತುಂಬ ಜನ ಕಾಯ್ತಿದಾರೆ, ಇನ್ನೊಂದು ಸಲ ಹೋದ್ರೆ ನಾವು ಮುಂದಿನವರನ್ನ ಕರೀಬೇಕಾಗುತ್ತೆ, ಬೇಜಾರು ಮಾಡ್ಕೋಬೇಡ, ಸರಿ ಮೇಡಂ, ಟಕ್, ಕ, ಕ, ಕ, ಮತ್ತೆ ಆ ಹೆಂಗಸು, ಅಯ್ಯೋ, ಈಗಲೂ ನಿನ್ನ ದನಿ ತುಂಡು ತುಂಡಾಗಿ ಬರ್ತಿದೆಯಲ್ಲಮ್ಮ, ಸ್ವಲ್ಪ ರೌಟರ್ ಹತ್ರ ಹೋಗಿ ಕೂತ್ಕೊಳ್ಳೋಕಾಗುತ್ತಾ — ನೆಟ್ಟು ಚೆನ್ನಾಗಿಯೇ ಇದೆ, ಹೌದು ಅನ್ನು ಮಗಳೇ, ನೆಟ್ಟೇ ಅನ್ನು, ಯಾರಿಗೆ ಗೊತ್ತಾಗುತ್ತದೆ, ಒಳಗೆ ಅವಳ ದನಿ, ಮೆಲ್ಲಗೆ, ಅದು ನೆಟ್ಟಲ್ಲ ಮೇಡಂ, ಅದು ನಾನೇ, ನಾನು ಮಾತಾಡೋದೇ ಹಾಗೆ, ಸ್ವಲ್ಪ ಹೊತ್ತು ಕೊಟ್ರೆ ಸರಿಹೋಗುತ್ತೆ — ಫ್ರಿಜ್ಜಿಗೆ ಹಣೆ ಒತ್ತಿ ನಿಲ್ಲುತ್ತೇನೆ, ಕಣ್ಣಲ್ಲಿ ನೀರು, ನಾಚಿಕೆಯಾಗುತ್ತದೆ ನನಗೆ, ಸುಳ್ಳು ಹೇಳು ಅಂದುಕೊಂಡೆನಲ್ಲ, ನನ್ನ ಹೊಟ್ಟೆಯಲ್ಲಿ ಇಂಥವಳು ಹೇಗೆ ಹುಟ್ಟಿದಳು, ಹೊತ್ತು ತಗೋಮ್ಮ, ಎಷ್ಟು ಬೇಕೋ ಅಷ್ಟು ತಗೋ, ಎನ್ನುತ್ತಿದ್ದಾರೆ ಆಚೆಯಿಂದ, ಟಕ್, ಮತ್ತೆ ಟಕ್, ಕಪ್ಪೆಗಳು ಕೂಗುವಾಗ ಎರಡು ಕೂಗಿನ ನಡುವೆ ಬಿಡುವ ಮೌನ ಇದೆಯಲ್ಲ ಮೇಡಂ, ನಾನು ಅಳೆದದ್ದು ಅದನ್ನ, ಹೊರಟಳು, ಹೊರಟೇಬಿಟ್ಟಳು, ನಿಲ್ಲುವುದೇ ಇಲ್ಲ ಈಗ, ಚರಂಡಿ, ಮಳೆ, ಮೌನ, ಗಂಡು, ಹೆಣ್ಣು, ಆಚೆ ಯಾರೋ ನಕ್ಕರು, ಒಳ್ಳೆಯ ನಗು ಅದು, ಇವಳೂ ನಕ್ಕಳು, ಸಂದರ್ಶನದಲ್ಲಿ ನನ್ನ ಮಗಳು ನಗುತ್ತಿದ್ದಾಳೆ, ಇನ್ನೇನು ಆಯಿತು, ಸೀಟು ಸಿಕ್ಕಿದ ಹಾಗೇ, ಇವಳಮ್ಮನಿಗೆ ಫೋನ್ ಮಾಡಬೇಕು, ಮೆಟ್ಟಿಲಿಗೆ ಹೋಗಬೇಕು, ಬೇಡ, ಮುಗಿಯಲಿ, ಇಷ್ಟು ಹೊತ್ತಿನ ಮೇಲೆ ಈಗ ನೆಮ್ಮದಿಯಾಗಿ ಒಂದು ಗುಟುಕು ಕುಡಿಯಬಹುದು, ಮುಟ್ಟಿದರೆ ತಣ್ಣಗೆ, ಇಡು, ಅದುಮು, ಒತ್ತು, ಗುಂಯ್, ಹಳದಿ ಬೆಳಕು, ನೀಲಿ ಕಪ್, ಹಿಡಿಕೆ ಬರುತ್ತದೆ, ಹೋಗುತ್ತದೆ, ಬರುತ್ತದೆ, ಒಳಗೆ ಮಾತು ನಿಂತಿದೆ.

ಯೋಚಿಸುತ್ತಿರಬೇಕು, ಇರಲಿ, ಅಥವಾ ಅವರು ಏನೋ ಕೇಳುತ್ತಿರಬೇಕು, ಅವರ ದನಿಯೂ ಇಲ್ಲ, ಟಕ್, ಶುರು ಮಾಡುತ್ತಾಳೆ, ಸಿಕ್ಕಿಕೊಂಡಿದ್ದಾಳೆ ಅಷ್ಟೇ, ಟಕ್, ಟಕ್, ಬಾ ತಾಯಿ, ಡುಂಕ್ ಅಂದಿತೇ, ನಾನು ಕೇಳಲಿಲ್ಲ, ಈ ಗುಂಯ್ ಸದ್ದಿನಲ್ಲಿ ಕೇಳಲಿಲ್ಲ, ದೀಪ ಹಸಿರು, ನೋಡು, ಎಲ್ಲ ಹಸಿರು, ಕೊಂಬು ನೇರವಾಗಿಯೇ ಇದೆ, ನಾನು ಮುಟ್ಟಿಲ್ಲ, ಏನನ್ನೂ ಮುಟ್ಟಿಲ್ಲ, ಗುಂಯ್, ಹೋಗಿ ಬಂದು ಮಾಡೋ ಲಿಫ್ಟು ಸಿಕ್ಕಿದ್ರೆ ಲಿಫ್ಟನ್ನ ನೋಡ್ಬೇಡ ಕಣೋ, ಗುಂಯ್, ಟಿಂಗ್ ಅಂದಾಗ ಬಂತಪ್ಪ ಅಂದಳು, ಟಿಂಗ್, ಬಂತಪ್ಪ, ಅದರ ಹಿಂದಿನ ಸಲವೂ ಟಿಂಗ್, ಪ್ಲಗ್ ಅಲ್ಲ, ಕೊಂಬಲ್ಲ, ನಿನ್ನೆ ಅವಳು ಗೆಳತಿಯ ಜೊತೆ ಮಾತು ಅಭ್ಯಾಸ ಮಾಡುವಾಗಲೂ, ನಿನ್ನೆಯೂ ರಜೆ, ನಿನ್ನೆಯೂ ನಾನು ಮನೆಯಲ್ಲಿ, ನಿನ್ನೆಯೂ ಈ ಕಪ್ — ಮೈಕ್ರೊವೇವ್ ಗುಂಯ್ ಅಂದರೆ ನೆಟ್ಟು ಯಾಕೆ ಹೋಗುತ್ತದೆ ಅಂತ ಗೊತ್ತಿಲ್ಲ, ಪಂಪು ಗುಂಯ್ ಅಂದರೆ ಲಿಫ್ಟು ಯಾಕೆ ನಿಲ್ಲುತ್ತಿತ್ತು ಅಂತಲೂ ಆವತ್ತು ಗೊತ್ತಿರಲಿಲ್ಲ, ಬಾಗಿಲು ಎಳೆಯುತ್ತೇನೆ, ಬೆಳಕು ಆರುತ್ತದೆ, ಕಪ್ ನಿಲ್ಲುತ್ತದೆ, ಹಿಡಿಕೆ ಗೋಡೆಯ ಕಡೆಗೆ, ಒಳಗೆ ಕೀಲಿಗಳ ಟಪಟಪ ಸದ್ದು, ಮೇಡಂ, ಮೇಡಂ, ಆಮೇಲೆ ಕುರ್ಚಿ ಹಿಂದಕ್ಕೆ ಸರಿದ ಸದ್ದು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾಳೆ, ಬ್ಯಾಗು ಇಳಿಸದೆ ನಿಲ್ಲುತ್ತಿದ್ದ ಹಾಗೇ, ಹೋಯ್ತಪ್ಪ, ಮುಂದಿನವರನ್ನ ಕರೆದಾಯ್ತಂತೆ, ಒಳಗೆ ಸೇರಿಸ್ಕೊಳ್ತಾ ಇಲ್ಲ, ಒಂದು ಅಕ್ಷರವೂ ತೊದಲುವುದಿಲ್ಲ, ನಾನಿದ್ದೆ ಅಪ್ಪ, ಅವರಿಗೆ ಕಾಣಿಸ್ಲಿಲ್ಲ ಅಷ್ಟೇ, ನನ್ನ ಮುಖ ನೋಡುತ್ತಾಳೆ, ಅಯ್ಯೋ ನೀನ್ಯಾಕಪ್ಪ ಅಳ್ತೀಯ, ನೀನೇನು ಮಾಡೋಕಾಗುತ್ತೆ, ಪಾಪ, ಎಷ್ಟು ಓಡಾಡಿದೆ, ಬೆಳಿಗ್ಗೆಯಿಂದ ಒಂದು ಚಹಾ ಕುಡಿಯೋಕಾಗ್ಲಿಲ್ಲ ನಿಂಗೆ, ಕಪ್ ಮುಟ್ಟಿ ನೋಡುತ್ತಾಳೆ, ಇನ್ನೂ ಬಿಸಿಯಾಗಿಲ್ಲ, ಕೂತ್ಕೋ, ತಡಿ — ಬೇಡ ಅನ್ನಬೇಕು, ಅದು ನೆಟ್ಟಲ್ಲ, ಅದು ನಾನೇ ಅನ್ನಬೇಕು, ಬಾಯಿ ತೆರೆದಿದ್ದೇನೆ, ನ, ನಾ — ನಾನೇ ಕೂರಿಸಿದ ಬಾಗಿಲನ್ನು ಬಿಗಿಯಾಗಿ ಅದುಮಿ ಗುಂಡಿ ಒತ್ತುತ್ತಾಳೆ, ಗುಂಯ್, ಕೋಣೆಯಿಂದ ಡುಂಕ್, ನೋಡಪ್ಪ, ಇನ್ನೂ ಹೋಗ್ತಾನೇ ಇದೆ, ಹಾಳಾದ್ದು, ಎಂದು ನಗಲು ನೋಡುತ್ತಾಳೆ, ಕಟ್ಟೆಯ ಮೇಲೆ ನನ್ನ ಬೆರಳು, ಟಕ್, ನ, ಟಕ್, ನ, ಹಳದಿ ಬೆಳಕಿನಲ್ಲಿ ನೀಲಿ ಕಪ್, ಹಿಡಿಕೆ ಬರುತ್ತದೆ, ಹೋಗುತ್ತದೆ, ಟಕ್, ಬರುತ್ತದೆ, ಹೋಗುತ್ತದೆ, ಬರುತ್ತದೆ