ಫಿದೆನ್ಸಿಯೊ ಮಾವನ ಹೊಟ್ಟೆಗೆ ಲೋಟಗಟ್ಟಲೆ ಕಷಾಯ

ವಹಾಕಾ ಕಣಿವೆಯ ನಮ್ಮ ಊರಿನಲ್ಲಿ ಯಾರಿಗಾದರೂ ಹೊಟ್ಟೆನೋವು ಬಂತು ಅಂದರೆ ಸಾಕು, ಮನೆಗೊಬ್ಬ ಡಾಕ್ಟರು ಹುಟ್ಟಿಕೊಳ್ಳುತ್ತಾರೆ. ಒಬ್ಬರು ಮೆಣಸಿನಕಾಯಿ ಜಾಸ್ತಿಯಾಯಿತು ಅನ್ನುತ್ತಾರೆ, ಇನ್ನೊಬ್ಬರು ದೃಷ್ಟಿ ತಾಗಿದೆ ಅನ್ನುತ್ತಾರೆ. ನೋವು ಎಲ್ಲಿ ಅಂತ ಕೇಳುವ ಮೊದಲೇ ಒಲೆಯ ಮೇಲೆ ಕಷಾಯ ಕುದಿಯುತ್ತಿರುತ್ತದೆ.

ನಮ್ಮ ಪಕ್ಕದ ಮನೆಯ ಫಿದೆನ್ಸಿಯೊ ಮಾವನಿಗೂ ಹಾಗೇ ಆಯಿತು. ಬ್ರೆಡ್ ಸುಡುವುದು ಅವರ ಕಸುಬು. ಅರವತ್ತು ದಾಟಿ ಎಷ್ಟೋ ವರ್ಷವಾಗಿದ್ದರೂ ಸೌದೆ ಒಲೆಯ ಮುಂದೆ ನಿಂತರೆ ಹುಡುಗರನ್ನು ನಾಚಿಸುವ ಆಳು. ಮೊಮ್ಮಗಳು ನೆರೈದಾಳ ಮದುವೆ ಮರುದಿನವೇ ಇತ್ತು. ಮದುವೆಯಲ್ಲಿ ಟರ್ಕಿ ಕೋಳಿಯನ್ನು ಎತ್ತಿಕೊಂಡು ಬ್ಯಾಂಡಿನ ಜೊತೆ ಕುಣಿಯುವುದು ನಮ್ಮ ಪದ್ಧತಿ. ತನ್ನನ್ನು ಸಾಕಿ ಬೆಳೆಸಿದ ತಾತನೇ ಮೊದಲು ಕುಣಿಯಬೇಕು ಅಂತ ಆ ಹುಡುಗಿ ಹಟ ಹಿಡಿದಿದ್ದಳು. ಮಾವನೂ ಆ ಕುಣಿತಕ್ಕಾಗಿ ಹೊಸ ಬೂಟು ಕೊಂಡಿದ್ದರು.

ಎರಡು ದಿನದಿಂದ ಅವರಿಗೆ ನೆಗಡಿ. ಮದುವೆಯ ದಿನ ಸೀನುತ್ತಾ ಕೂರಬಾರದೆಂದು ಅಂಗಡಿಯಿಂದ ಮಾತ್ರೆ ತಂದು ತಾವೇ ನುಂಗುತ್ತಿದ್ದರು. ಮದುವೆಯ ಹಿಂದಿನ ದಿನ ಬೆಳಿಗ್ಗೆ ಒಲೆಯಿಂದ ಬ್ರೆಡ್ ತೆಗೆಯುತ್ತಿದ್ದವರು ಇದ್ದಕ್ಕಿದ್ದಂತೆ ಕೆಳಹೊಟ್ಟೆ ಹಿಡಿದುಕೊಂಡು ಹಿಟ್ಟಿನ ಮೂಟೆಯ ಮೇಲೆ ಕುಸಿದರು.

ಹೆಂಡತಿ ತೊಮಾಸಕ್ಕ ಓಡಿಹೋಗಿ ಸೇವಂತಿ ಹೂವಿನಂಥ ಒಣಹೂವಿನ ಕಷಾಯ ಮಾಡಿ ತಂದಳು. ಎದುರು ಮನೆಯಿಂದ ಪುದೀನ ಕಷಾಯ ಬಂತು. ಹಿಂದಿನ ಬೀದಿಯಿಂದ ಇನ್ನೂ ಕಹಿಯಾದದ್ದೊಂದು ಬಂತು. ಮಾವ ಯಾರ ಮನಸ್ಸನ್ನೂ ನೋಯಿಸುವವರಲ್ಲ, ಎಲ್ಲವನ್ನೂ ಕುಡಿದರು. ಕುಡಿದಷ್ಟೂ ನೋವು ಏರಿತು. ಹಣೆಯ ಮೇಲೆ ಬೆವರು ಸುರಿಯಿತು.

ಅಷ್ಟರಲ್ಲಿ ತೊಮಾಸಕ್ಕನ ತಂಗಿ ಚೋನಾ ಎಣ್ಣೆ ಬಟ್ಟಲು ಹಿಡಿದು ಬಂದಳು. ಹೊಟ್ಟೆ ನೀವುವುದರಲ್ಲಿ ಅವಳದು ಊರಿಗೇ ಹೆಸರಾದ ಕೈ.

"ನಿಶ್ಚಿತಾರ್ಥದಲ್ಲಿ ಲೆಕ್ಕ ಇಲ್ದೆ ಜೋಳದ ಕಡುಬು ತಿಂದ್ರಲ್ಲ ಭಾವ, ಅದು ಕರುಳಿಗೆ ಅಂಟ್ಕೊಂಡಿದೆ. ಅಂಗಾತ ಮಲ್ಕೊಳಿ, ಬಿಡಿಸ್ತೀನಿ," ಅಂದಳು.

ಸದ್ಯ, ಅದೇ ಹೊತ್ತಿಗೆ ಮದುವೆ ಅಡುಗೆಗೆ ದೊಡ್ಡ ಪಾತ್ರೆ ಕೊಡಲು ಎಲ್ಫೆಗಾ ಬಂದಳು. ಊರಿನ ಆರೋಗ್ಯ ಕೇಂದ್ರದಲ್ಲಿ ಅವಳು ನರ್ಸ್. ಪಾತ್ರೆಯನ್ನು ಬಾಗಿಲಲ್ಲೇ ಇಟ್ಟು ಚೋನಾಳ ಕೈ ಹಿಡಿದುಕೊಂಡಳು.

"ಅತ್ತೆ, ನೀವಬೇಡಿ. ಯಾಕೆ ನೋವು ಅಂತ ಗೊತ್ತಿಲ್ದೆ ಹೊಟ್ಟೆ ಒತ್ತಬಾರದು."

"ನೀನು ಕೂಸಾಗಿದ್ದಾಗ ನಿನ್ನ ಹೊಟ್ಟೆ ನೀವಿದ್ದೂ ಇದೇ ಕೈ ಕಣೇ."

"ಇಲ್ಲ ಅಂದ್ನಾ? ಆದ್ರೆ ಅಪೆಂಡಿಕ್ಸ್ ಊದ್ಕೊಂಡಿದ್ರೆ? ಒತ್ತಿ ಅದು ಒಡೆದ್ರೆ ನಾಳೆ ಮದುವೆ ಮಾಡ್ತೀರಾ, ಇನ್ನೇನಾದ್ರೂ ಮಾಡ್ತೀರಾ?"

ಚೋನಾ ಮುಖ ಊದಿಸಿಕೊಂಡು ಪಕ್ಕಕ್ಕೆ ಸರಿದಳು. ಎಲ್ಫೆಗಾ ಒಂದೊಂದಾಗಿ ಕೇಳುತ್ತಾ ಹೋದಳು. ನೋವು ಎಲ್ಲಿ ಶುರುವಾಯಿತು, ವಾಂತಿ ಆಯಿತೇ, ಜ್ವರ ಇದೆಯೇ, ಮಲ ಹೋಯಿತೇ, ತೊಡೆಸಂದಿನಲ್ಲಿ ಗಂಟು ಕಂಡಿದೆಯೇ, ಯಾವ ಮಾತ್ರೆ ತೆಗೆದುಕೊಂಡಿರಿ. ಮಾವ ಎಲ್ಲಕ್ಕೂ ಉತ್ತರ ಕೊಟ್ಟರು. ಕೊನೆಯ ಸಲ ಮೂತ್ರಕ್ಕೆ ಹೋದದ್ದು ಯಾವಾಗ ಅಂತ ಕೇಳಿದಾಗ ಮಾತ್ರ ಗೋಡೆ ನೋಡುತ್ತಾ ಸುಮ್ಮನಾದರು. ಸುತ್ತ ಇದ್ದವರೆಲ್ಲ ಹೆಂಗಸರು. ಎಲ್ಫೆಗಾಗೆ ಅರ್ಥವಾಯಿತು, ನಮ್ಮನ್ನೆಲ್ಲ ಆಚೆ ಕಳಿಸಿದಳು. ನಾವು ಹೋಗಿದ್ದು ಪರದೆಯ ಆಚೆಗಷ್ಟೇ. ಪರದೆ ತೆಳುವಾಗಿದ್ದರೆ ಅದು ನಮ್ಮ ತಪ್ಪಲ್ಲ.

"ಮಾವ, ಈಗ ನಾನು ನಿಮ್ಮ ಹತ್ರ ಬ್ರೆಡ್ಡಿಗೆ ಬರ್ತಿದ್ದ ಹುಡುಗಿ ಅಲ್ಲ, ನರ್ಸು. ಹೇಳಿ."

"ನಿನ್ನೆ ಸಾಯಂಕಾಲ ಹೋಗಿದ್ದು ಕಣಮ್ಮ. ಆಮೇಲೆ ಒಂದೇ ಸಮ ಅವಸರ ಆಗುತ್ತೆ, ಹೋಗಿ ನಿಂತ್ರೆ ಒಂದು ಹನಿನೂ ಬರಲ್ಲ. ತೊಮಾಸಾಗೆ ಹೇಳ್ಬೇಡ."

ತೊಮಾಸಕ್ಕ ಪರದೆಯ ಈಚೆಯಿಂದಲೇ, "ಇಷ್ಟು ವರ್ಷ ಸಂಸಾರ ಮಾಡಿ ನನ್ನ ಹತ್ರ ಏನ್ರೀ ನಾಚ್ಕೆ?" ಅಂದಳು.

ನಾವೆಲ್ಲ ಖಾಲಿ ಲೋಟಗಳ ಕಡೆ ನೋಡಿದೆವು. ಹೊರಗೆ ಹೋಗಲು ದಾರಿಯಿಲ್ಲದ ಹೊಟ್ಟೆಗೆ ಬೆಳಗಿನಿಂದ ನೀರು ತುಂಬಿಸುತ್ತಲೇ ಇದ್ದೆವು. ಚೋನಾ ಮಾತ್ರ ಸೋಲಲಿಲ್ಲ, ಇನ್ನೊಂದು ಲೋಟ ಕೊಟ್ಟರೆ ತಳ್ಳಿಕೊಂಡು ಬರುತ್ತದೆ ಅಂದಳು. ಬಾಗಿಲು ಹಾಕಿರುವ ಮನೆಯೊಳಗೆ ಇನ್ನಷ್ಟು ಜನರನ್ನು ನೂಕಿದರೆ ಏನಾಗುತ್ತದೆ ಅಂತ ಎಲ್ಫೆಗಾ ಕೇಳಿದಳು. ಮೂತ್ರ ಕಟ್ಟಿಕೊಂಡು ನಿಂತರೆ ಮೂತ್ರಪಿಂಡವೇ ಕೆಡಬಹುದು ಅಂತ ವಿವರಿಸಿದಳು. "ಇದು ನನ್ನ ಅಂದಾಜು ಅಷ್ಟೇ. ಬೇರೆ ಏನಾದ್ರೂ ಇದ್ರೂ ಇರಬಹುದು. ಆಸ್ಪತ್ರೆಯಲ್ಲಿ ನೋಡಿನೇ ಹೇಳ್ಬೇಕು, ಈಗಲೇ ಹೊರಡಬೇಕು," ಅಂದಳು.

ಮಾವ ಒಪ್ಪಲಿಲ್ಲ. ಆಸ್ಪತ್ರೆಗೆ ಸೇರಿಸಿಕೊಂಡರೆ ಕುಣಿತ ತಪ್ಪುತ್ತದೆ ಅನ್ನುವುದೇ ಅವರ ಭಯ. ಆಗ ತಲೆತುಂಬ ಕೂದಲು ಗುಂಗುರು ಮಾಡುವ ಕ್ಲಿಪ್ಪು ಸಿಕ್ಕಿಸಿಕೊಂಡಿದ್ದ ನೆರೈದಾ ಒಳಗೆ ಬಂದು ಅವರ ಮುಂದೆ ಕೂತಳು.

"ತಾತ, ಕುಣಿತ ಇಲ್ದೆ ಮದುವೆ ಆಗುತ್ತೆ. ನೀವಿಲ್ದೆ ನಾನು ಚರ್ಚಿನ ಮೆಟ್ಟಿಲು ಹತ್ತಲ್ಲ. ಏಳಿ," ಅಂದಳು.

ಮಾವ ಎದ್ದರು. ಬ್ರೆಡ್ ಸಾಗಿಸುವ ವ್ಯಾನಿನಲ್ಲೇ ಪಟ್ಟಣದ ಆಸ್ಪತ್ರೆಗೆ ಹೊರಟೆವು. ದಾರಿಯ ಪ್ರತಿ ಗುಂಡಿಗೂ ಅವರು ಒಬ್ಬೊಬ್ಬ ಸಂತರ ಹೆಸರು ಕೂಗಿದರು.

ಡಾಕ್ಟರು ಪರೀಕ್ಷೆ ಮಾಡಿ, ಸ್ಕ್ಯಾನ್ ನೋಡಿ, ಮೂತ್ರದ ದಾರಿಯಲ್ಲಿ ಸಣ್ಣ ನಳಿಕೆ ಹಾಕಿ ಅದರ ತುದಿಗೆ ಚೀಲ ಸಿಕ್ಕಿಸಿದರು. ಚೀಲ ತುಂಬುತ್ತಾ ಹೋದ ಹಾಗೆ ಮಾವನ ಮುಖ ಅರಳುತ್ತಾ ಬಂತು. ನೋವಿಗೆ ಅಳದ ಮನುಷ್ಯ ನೋವು ಹೋದದ್ದಕ್ಕೆ ಅತ್ತುಬಿಟ್ಟರು, ಆಮೇಲೆ ನಕ್ಕರು. ಚೋನಾ ಆ ಚೀಲವನ್ನು ಬಗ್ಗಿ ನೋಡಿ, ಇದರಲ್ಲಿ ನನ್ನ ಪಾಲಿನದ್ದು ಒಂದು ಲೋಟವೂ ಇಲ್ಲ, ಎಲ್ಲ ಅಕ್ಕನದೇ ಅಂದಳು. ನಾವು ನಕ್ಕ ನಗುವಿಗೆ ಆಸ್ಪತ್ರೆಯವರು ಗದರಿದರು.

ವಯಸ್ಸಾದ ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ದಪ್ಪವಾಗುವುದು ಸಾಮಾನ್ಯ ಅಂತ ಡಾಕ್ಟರು ತಿಳಿಸಿದರು. ಮೊದಲೇ ಕಿರಿದಾಗಿದ್ದ ದಾರಿ ನೆಗಡಿ ಮಾತ್ರೆಯಿಂದ ಪೂರ್ತಿ ಬಿಗಿದಿತ್ತು. ಮಾತ್ರೆ ನಿಲ್ಲಿಸಿ, ಬೇರೆ ಔಷಧಿ ಬರೆದು, ಕೆಲವು ದಿನ ನಳಿಕೆ ಇರಲಿ, ಮತ್ತೆ ಬಂದು ತೋರಿಸಿ ಅಂದರು. ಕುಣಿಯಬಹುದೇ ಅಂತ ಮಾವ ಕೇಳಿದಾಗ, ಕುಣಿಯಿರಿ, ಹಾರಬೇಡಿ ಅಂದರು.

ಮರುದಿನ ಮಾವ ಅಗಲವಾದ ಪ್ಯಾಂಟಿನೊಳಗೆ ಕಾಲಿಗೆ ಚೀಲ ಕಟ್ಟಿಕೊಂಡು, ಟರ್ಕಿ ಕೋಳಿ ಎತ್ತಿಕೊಂಡು ನಿಧಾನವಾಗಿ ಕುಣಿದರು. ನೆರೈದಾ ಅಳುತ್ತಾ ನಗುತ್ತಾ ಚಪ್ಪಾಳೆ ತಟ್ಟಿದಳು. ಹಾಡು ಮುಗಿದ ಮೇಲೆ ಮಾವ ಕೈಯೆತ್ತಿ ಬ್ಯಾಂಡ್ ನಿಲ್ಲಿಸಿದರು.

"ಗಂಡಸರೆಲ್ಲ ಕೇಳಿ. ನನಗೆ ನಿನ್ನೆ ಮೂತ್ರ ಕಟ್ಟಿತ್ತು. ಬಾಯಿ ಬಿಟ್ಟೆ, ಅದಕ್ಕೇ ಇಲ್ಲಿದೀನಿ. ನಿಮ್ಮಲ್ಲಿ ರಾತ್ರಿಯೆಲ್ಲ ಎದ್ದೆದ್ದು ಓಡೋರು, ಹನಿಹನಿ ಹೋಗೋರು ಯಾರು? ಕೈ ಎತ್ತಿ."

ಮೊದಲು ಡೋಲು ಬಾರಿಸುವವನು ಕೋಲು ಎತ್ತಿದ. ಅವನ ಹಿಂದೆ ಕಹಳೆಯವನು, ಆಮೇಲೆ ಬೀಗರ ಕಡೆಯ ಮುದುಕರು. ಮುಂದಿನ ವಾರ ಎಲ್ಫೆಗಾಳ ಕೇಂದ್ರದ ಮುಂದೆ ಗಂಡಸರ ಸಾಲು ನಿಂತಿತ್ತು. ಅವರನ್ನು ಮನೆಮನೆಯಿಂದ ಎಬ್ಬಿಸಿ ಕಳಿಸಿದವಳು ಚೋನಾ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಕೆಳಹೊಟ್ಟೆ ಇದ್ದಕ್ಕಿದ್ದಂತೆ ಜೋರಾಗಿ ನೋವಾದರೆ ನೀವಬೇಡಿ, ಭೇದಿ ಮಾಡಿಸುವ ಔಷಧಿ ಕೊಡಬೇಡಿ, ನಾಳೆ ನೋಡೋಣ ಅನ್ನಬೇಡಿ. ಕಾರಣ ಅಪೆಂಡಿಕ್ಸ್ ಇರಬಹುದು, ಮೂತ್ರದ ದಾರಿಯಲ್ಲಿ ಕಲ್ಲು ಇರಬಹುದು, ಮೂತ್ರ ಕಟ್ಟಿರಬಹುದು. ಹೆಂಗಸರಲ್ಲಿ ಗರ್ಭ ನಿಲ್ಲಬಾರದ ಕಡೆ ನಿಂತಿರಬಹುದು ಅಥವಾ ಅಂಡಾಶಯ ತಿರುಚಿಕೊಂಡಿರಬಹುದು. ಹುಡುಗರಲ್ಲಿ ವೃಷಣ ತಿರುಚಿಕೊಂಡಿದ್ದರೂ ನೋವು ಹೊಟ್ಟೆಯಲ್ಲೇ ಕಾಣಿಸಬಹುದು. ಕೂಡಲೇ ಆಸ್ಪತ್ರೆಗೆ ಹೋಗಿ. ಮುಟ್ಟು, ಬಸಿರು, ಮಲ, ಮೂತ್ರ, ನುಂಗಿದ ಮಾತ್ರೆ, ಏನು ಕೇಳಿದರೂ ಮುಚ್ಚಿಡಬೇಡಿ. ನಿಮ್ಮ ಮನೆಯಲ್ಲೂ ಗೋಡೆ ನೋಡುತ್ತಾ ಸುಮ್ಮನೆ ಕೂತವರು ಒಬ್ಬರಿದ್ದರೆ, ಈ ಹಾಳೆ ಕೆಳಗಿಟ್ಟು ಹೋಗಿ ಅವರನ್ನು ಕೇಳಿ.